ಹಸಿರೆಲ್ಲ ಉಸಿರಲ್ಲ

ಬೇಸಿಗೆ ಕಾಲಿಟ್ಟು ಒಂದೆರಡು ಅಕಾಲಿಕ ಮಳೆ ಬಿತ್ತೆಂದರೆ ಬೆಂಗಳೂರಿನ ಯಾವುದಾದರೊಂದು ಕೆರೆಯಲ್ಲಿ ಮೀನು ಸತ್ತು ತೇಲಿದ ಸುದ್ದಿ ಬಂದೇ ಬರುತ್ತದೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯ ದಡದುದ್ದಕ್ಕೂ ಸಾವಿರಾರು ಮೀನು ಸತ್ತು ಬಿದ್ದಿದ್ದು ಹಲವರಿಗೆ ನೆನಪಿರಬಹುದು. ಆಮೇಲೆ ಏನಾಗುತ್ತದೆ ಎಂಬುದೂ ಗೊತ್ತಿರುವುದೇ. ಯಾರೋ ವಿಷ ಬೆರೆಸಿದರು ಎಂಬ ಮಾತು ಹಬ್ಬುತ್ತದೆ, ಮಾಲಿನ್ಯ ನಿಯಂತ್ರಣ ಮಂಡಳಿಯವರು ಬಂದು ಬಾಟಲಿಯಲ್ಲಿ ನೀರು ತುಂಬಿಕೊಂಡು ಹೋಗುತ್ತಾರೆ, ಮೀನಿನ ಗುತ್ತಿಗೆದಾರ ತಲೆ ಮೇಲೆ ಕೈ ಹೊತ್ತು ಕೂರುತ್ತಾನೆ. ದಿನಾ ವಾಕಿಂಗ್ ಬರುವವರು ಮಾತ್ರ ಒಂದು ಮಾತು ತಪ್ಪದೆ ಹೇಳುತ್ತಾರೆ: 'ನಿನ್ನೆ ಸಂಜೆ ಕೆರೆ ಚೆನ್ನಾಗೇ ಇತ್ತಲ್ಲ!'

ಅವರು ಹೇಳುವುದು ಸುಳ್ಳಲ್ಲ. ಸಂಜೆ ಹೊತ್ತಿಗೆ ಕೆರೆ ನಿಜಕ್ಕೂ ಚೆನ್ನಾಗಿರುತ್ತದೆ. ಕೆಡುವುದು ರಾತ್ರಿ.

ಪಾಚಿ ಕಟ್ಟಿ ಹಸಿರಾದ ಕೆರೆಯಲ್ಲಿ ಬಿಸಿಲೇರಿದಂತೆ ಆಮ್ಲಜನಕವೂ ಏರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಕೋಟ್ಯಂತರ ಪಾಚಿ ಕಣಗಳು ಬೆಳಕಿನಲ್ಲಿ ಆಹಾರ ತಯಾರಿಸುತ್ತ ಆಮ್ಲಜನಕ ಬಿಡುತ್ತವೆ. ಮಧ್ಯಾಹ್ನ ಮೂರರ ಸುಮಾರಿಗೆ ಮೇಲ್ಮೈ ನೀರಿನಲ್ಲಿ ಅದು ಸಹಜವಾಗಿ ಕರಗಬಹುದಾದ ಮಟ್ಟವನ್ನೂ ಮೀರಿರುತ್ತದೆ. ಸೂರ್ಯ ಮುಳುಗಿದ ಮೇಲೆ ತಯಾರಿಕೆ ನಿಂತುಹೋಗುತ್ತದೆ, ಖರ್ಚು ಮಾತ್ರ ನಿಲ್ಲುವುದಿಲ್ಲ. ಪಾಚಿಯೇ ಉಸಿರಾಡುತ್ತದೆ, ಸತ್ತ ಪಾಚಿಯನ್ನೂ ಕೊಳಚೆಯನ್ನೂ ಕೊಳೆಯಿಸುವ ಬ್ಯಾಕ್ಟೀರಿಯಾ ಉಸಿರಾಡುತ್ತದೆ, ತಳದ ಹೂಳೂ ತನ್ನ ಪಾಲು ಎಳೆದುಕೊಳ್ಳುತ್ತದೆ. ನಸುಕಿನ ನಾಲ್ಕೈದು ಗಂಟೆಯ ಹೊತ್ತಿಗೆ ಮೀನಿಗೆ ಉಳಿಯುವುದು ಬಹಳ ಕಡಿಮೆ. ಆ ಹೊತ್ತಿನಲ್ಲಿ ದಡದಲ್ಲಿ ನಿಂತರೆ ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿರುವುದು ಕಾಣುತ್ತದೆ. ಇದಕ್ಕೆ ಸೆಕೆ ಬೇರೆ ಸೇರುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಸುಮಾರು ಏಳೂವರೆ ಮಿಲಿಗ್ರಾಂ ಮಾತ್ರ. ಈ ನಡುವೆ ಒಂದು ದಿನ ಮೋಡ ಕವಿಯಿತು ಅಥವಾ ರಾತ್ರಿ ಮಳೆ ಸುರಿದು ರಾಜಕಾಲುವೆಯ ಕೊಳಕೆಲ್ಲ ಒಮ್ಮೆಲೇ ನುಗ್ಗಿ ಹೂಳು ಕದಡಿತು ಎಂದಿಟ್ಟುಕೊಳ್ಳಿ. ಹಗಲಿನ ಸಂಪಾದನೆ ಇಲ್ಲ, ರಾತ್ರಿಯ ಖರ್ಚು ದುಪ್ಪಟ್ಟು. ಬೆಳಗ್ಗೆ ಮೀನು ತೇಲುತ್ತದೆ. ಯಾರೂ ವಿಷ ಹಾಕಬೇಕಾಗಿಲ್ಲ.

ಇನ್ನೊಂದು ವಿಚಿತ್ರವಿದೆ. ಪಾಚಿ ನೀರಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡಂತೆ ನೀರು ಕ್ಷಾರೀಯವಾಗುತ್ತದೆ. ಕ್ಷಾರ ಹೆಚ್ಚಿದಷ್ಟೂ ಕೊಳಚೆಯಿಂದ ಬಂದ ಅಮೋನಿಯಾ ಮೀನಿಗೆ ವಿಷವಾಗುವ ರೂಪಕ್ಕೆ ತಿರುಗುತ್ತದೆ. ಅಂದರೆ ಆಮ್ಲಜನಕ ಹೇರಳವಾಗಿರುವ ಮಧ್ಯಾಹ್ನದಲ್ಲೂ ಮೀನಿಗೆ ನೆಮ್ಮದಿಯಿಲ್ಲ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಂತೆ ಮೀನುಗಾರಿಕೆಗೆ ಯೋಗ್ಯವೆನಿಸುವ 'ಡಿ' ದರ್ಜೆಯ ನೀರಿನಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಇರಬೇಕು. ಆದರೆ ಎಷ್ಟು ಗಂಟೆಗೆ? ಸರ್ಕಾರಿ ಜೀಪು ಕೆರೆಗೆ ಬರುವುದು ಕಚೇರಿ ತೆರೆದ ಮೇಲೆ. ಬೆಳಗ್ಗೆ ಹನ್ನೊಂದಕ್ಕೆ ಪಾಸಾದ ಕೆರೆ ಅದೇ ದಿನ ಬೆಳಗಿನ ಜಾವ ಐದಕ್ಕೆ ನಪಾಸಾಗಿದ್ದಿರಬಹುದು. ಅಳತೆ ಸುಳ್ಳಲ್ಲ, ಅಳೆದ ಹೊತ್ತು ತಪ್ಪು.

ನಮ್ಮ ಊರಿನ ಪರಿಸರದ ಚರ್ಚೆಯಲ್ಲಿ ನನಗೆ ದೊಡ್ಡ ತೊಡಕಾಗಿ ಕಾಣುವುದು ಇದೇ. ಹಸಿರು ಕಂಡರೆ ಒಳ್ಳೆಯದು, ಪ್ರಾಣಿ ಕಂಡರೆ ಅದು ಸುಖವಾಗಿದೆ ಎಂದು ಲೆಕ್ಕ ಹಾಕಿಬಿಡುತ್ತೇವೆ. ಸಸಿ ಎಷ್ಟು ನೆಟ್ಟೆವು, ಕೆರೆ ಎಷ್ಟು ಎಕರೆ ತುಂಬಿದೆ, ಹಕ್ಕಿ ಎಷ್ಟು ಬಂದಿವೆ ಎಂಬ ಎಣಿಕೆಯಲ್ಲೇ ಎಲ್ಲ ಮುಗಿಯುತ್ತದೆ. ಇದೇ ಬೆಂಗಳೂರಿನ ಸಂಶೋಧನಾಲಯಗಳಿಂದ ಹೊರಟ ಅಧ್ಯಯನಗಳು ಹೇಳುವುದು ಬೇರೆಯೇ ಕಥೆ.

ಪಾಚಿಯ ಮಾತನ್ನು ಮೊದಲು ಮುಗಿಸೋಣ. ಅದಕ್ಕೆ ಊಟ ಎಲ್ಲಿಂದ ಬರುತ್ತದೆ? ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 1973ರಲ್ಲಿ ವಿಜ್ಞಾನಿ ಡೇವಿಡ್ ಶಿಂಡ್ಲರ್ ತಂಡ '226ನೇ ಸರೋವರ' ಎಂಬುದನ್ನು ನಡುವೆ ಪರದೆ ಇಳಿಬಿಟ್ಟು ಎರಡು ಭಾಗ ಮಾಡಿತು. ಎರಡಕ್ಕೂ ಇಂಗಾಲ, ಸಾರಜನಕ ಹಾಕಿ, ಒಂದಕ್ಕೆ ಮಾತ್ರ ರಂಜಕವನ್ನೂ (ಫಾಸ್ಫರಸ್) ಸೇರಿಸಿತು. ರಂಜಕ ಬಿದ್ದ ಭಾಗ ಹಸಿರುಗಟ್ಟಿತು, ಇನ್ನೊಂದು ತಿಳಿಯಾಗಿಯೇ ಉಳಿಯಿತು. ಬೆಂಗಳೂರಿನ ಕೆರೆಗಳಿಗೆ ರಂಜಕವನ್ನು ಯಾರೂ ಪ್ರಯೋಗಕ್ಕೆಂದು ಸುರಿಯಬೇಕಾಗಿಲ್ಲ. ಮಲಮೂತ್ರದಲ್ಲಿ ಅದಿದೆ, ಬಟ್ಟೆ ಒಗೆಯುವ ಪುಡಿಗಳಲ್ಲೂ ಇರುತ್ತದೆ. ಹಾಗೆ ಬಂದದ್ದು ಹೂಳಿಗೆ ಇಳಿದು ಅಲ್ಲೇ ಕೂರುತ್ತದೆ. ತಳದಲ್ಲಿ ಆಮ್ಲಜನಕ ಮುಗಿದಾಗ ಮತ್ತೆ ನೀರಿಗೆ ಬಿಡುಗಡೆಯಾಗುತ್ತದೆ. ಆದ್ದರಿಂದಲೇ ಕೊಳಚೆ ಪೈಪು ಬಂದ್ ಮಾಡಿದ ಮರುವರ್ಷವೂ ಕೆರೆ ಹಸಿರಾಗಿಯೇ ಇರುತ್ತದೆ. 'ಕೋಟಿಗಟ್ಟಲೆ ಖರ್ಚು ಮಾಡಿದರೂ ಏನೂ ಆಗಲಿಲ್ಲ' ಎಂಬ ಸಿಟ್ಟಿನ ಹಿಂದೆ ಎಷ್ಟೋ ಸಲ ಭ್ರಷ್ಟಾಚಾರ ಇರಬಹುದು. ಆದರೆ ಹೂಳಿನೊಳಗಿನ ಈ ಹಳೇ ಸಾಲವೂ ಇದೆ.

ಬೆಳ್ಳಂದೂರು ಕೆರೆಯ ನೊರೆಯಲ್ಲೂ ಹೂಳಿನದೇ ಕೈವಾಡ. 2015ರ ಮೇ ತಿಂಗಳಲ್ಲಿ ಅಲ್ಲಿ ನೊರೆಗೇ ಬೆಂಕಿ ಹತ್ತಿ ದೇಶವೆಲ್ಲ ಬೆರಗಾಯಿತು. 2018ರ ಜನವರಿಯ ಬೆಂಕಿ ಆರಿಸಲು ಸೇನೆಯವರು ಇಳಿಯಬೇಕಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ ರೂಪಾಯಿ ದಂಡ ಹಾಕಿತು. ಆದರೆ ನೊರೆ ಜಾಸ್ತಿಯಾಗುವುದು ಕೊಳಚೆ ಗಟ್ಟಿಯಾಗಿರುವ ಬೇಸಿಗೆಯಲ್ಲಲ್ಲ, ಜೋರು ಮಳೆಯ ನಂತರ. ಏಕೆ? ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎನ್. ಚಾಣಕ್ಯ ಮತ್ತು ಸಂಗಡಿಗರು ಇದರ ಬೆನ್ನು ಹತ್ತಿದರು. ಡಿಟರ್ಜೆಂಟ್‌ನ ನೊರೆಕಾರಕ ಅಂಶ ಕೊಳಚೆಯ ಕಣಗಳಿಗೆ ಅಂಟಿಕೊಂಡು ತಳಕ್ಕಿಳಿಯುತ್ತದೆ. ನೀರು ಈ ವಿಶಾಲ ಕೆರೆಯನ್ನು ದಾಟಲು ಹತ್ತು ಹದಿನೈದು ದಿನ ತೆಗೆದುಕೊಳ್ಳುವುದರಿಂದ ಹೂಳಿನಲ್ಲಿ ಅದು ಶೇಖರವಾಗುತ್ತ ಹೋಗುತ್ತದೆ. ಮಳೆಯ ರಭಸಕ್ಕೆ ಹೂಳು ಕದಡಿ, ಅಂಟಿದ್ದು ಬಿಟ್ಟುಕೊಂಡು, ಕೋಡಿಯಲ್ಲಿ ಧುಮುಕುವಾಗ ಗಾಳಿ ಸೇರಿ ನೊರೆಯಾಗುತ್ತದೆ. ಕಾರಣ ಹೀಗೆಂದು ತಿಳಿದ ಮೇಲೆ ಕೋಡಿಯ ಸುತ್ತ ಬಲೆ ಕಟ್ಟಿ ನೊರೆ ರಸ್ತೆಗೆ ಹಾರದಂತೆ ತಡೆಯುವುದು ಎಂಥ ಪರಿಹಾರ ಎಂದು ನೀವೇ ಹೇಳಿ.

ಇದೇ ನೀರಿನ ಒಂದು ಭಾಗ 2018ರ ಜೂನ್‌ನಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಡಿ ಸಂಸ್ಕರಣೆಯಾಗಿ ಕೋಲಾರಕ್ಕೆ ಹರಿಯುತ್ತಿದೆ. ಗುರಿ ದಿನಕ್ಕೆ 44 ಕೋಟಿ ಲೀಟರ್. ಒಣಗಿದ್ದ ಕೆರೆ ತುಂಬಿದ್ದನ್ನೂ ಬೋರ್‌ವೆಲ್‌ಗೆ ನೀರು ಬಂದದ್ದನ್ನೂ ಕಂಡ ರೈತರ ಎದುರು ನಿಂತು ಈ ಯೋಜನೆಯೇ ಬೇಡವಿತ್ತು ಎನ್ನುವ ಧೈರ್ಯ ನನಗಿಲ್ಲ. ಆದರೆ ಎರಡನೇ ಹಂತದ ಸಂಸ್ಕರಣೆ ತೆಗೆಯುವುದು ಮುಖ್ಯವಾಗಿ ಕೊಳೆಯುವ ಪದಾರ್ಥವನ್ನು. ಸಾರಜನಕ, ರಂಜಕಗಳನ್ನು ತೆಗೆಯಲು ಪ್ರತ್ಯೇಕ ಏರ್ಪಾಡೇ ಬೇಕು. ಅದಿಲ್ಲದಿದ್ದರೆ ಗೊಬ್ಬರ ಕಲಸಿದ ನೀರನ್ನೇ ಮುಂದಿನ ಕೆರೆಗೆ ಕಳಿಸಿದಂತಾಗುತ್ತದೆ. ಮೂರನೇ ಹಂತದ ಸಂಸ್ಕರಣೆ ಬೇಕೆಂಬ ಕೋಲಾರದವರ ಒತ್ತಾಯದ ಒಳಗಿನ ತಿರುಳು ಇದು.

ಪಾಚಿಯನ್ನು ಶತ್ರು ಮಾಡಬೇಕಾಗಿಲ್ಲ. ಜಕ್ಕೂರು ಕೆರೆಯಲ್ಲಿ ದಿನಕ್ಕೆ ಒಂದು ಕೋಟಿ ಲೀಟರ್ ಸಾಮರ್ಥ್ಯದ ಕೊಳಚೆ ಸಂಸ್ಕರಣಾ ಘಟಕ ಮೊದಲು, ಅದರಿಂದ ಹೊರಟ ನೀರು ಜೊಂಡು ಬೆಳೆದ ಕೃತಕ ಜೌಗಿಗೆ, ಅಲ್ಲಿಂದ ಕೆರೆಗೆ ಎಂಬ ಏರ್ಪಾಡು ಮಾಡಲಾಯಿತು. ಉಳಿದ ಪೋಷಕಾಂಶವನ್ನು ಜೊಂಡೂ ಪಾಚಿಯೂ ಹೀರುತ್ತವೆ, ಪಾಚಿಯನ್ನೂ ಅದನ್ನು ತಿಂದ ಸೂಕ್ಷ್ಮಜೀವಿಗಳನ್ನೂ ಮೀನು ತಿನ್ನುತ್ತದೆ, ಮೀನನ್ನು ಬಲೆಗಾರರು ಹೊರಗೆ ಒಯ್ಯುತ್ತಾರೆ. ಗುಟ್ಟಿರುವುದು ಕೊನೆಯ ಮೆಟ್ಟಿಲಿನಲ್ಲಿ. ಜೊಂಡು ಕೊಯ್ಯದೆ, ಮೀನು ಹಿಡಿಯದೆ ಬಿಟ್ಟರೆ ಅವು ಅಲ್ಲೇ ಕೊಳೆತು ರಂಜಕ ಮತ್ತೆ ಕೆರೆಗೇ. 'ಇಲ್ಲಿ ಮೀನುಗಾರಿಕೆ ಬೇಡ, ಕೆರೆ ಸ್ವಚ್ಛವಾಗಿರಲಿ' ಎನ್ನುವ ಸುತ್ತಲಿನ ಅಪಾರ್ಟ್‌ಮೆಂಟಿನವರಿಗೆ ಇದನ್ನು ಯಾರಾದರೂ ತಿಳಿಸಿ ಹೇಳಬೇಕು.

ನೀರಿನಿಂದ ಮೇಲೆ ಬಂದರೆ ಹೆಜ್ಜೇನು. ನಗರದ ಫ್ಲೈಓವರ್ ಕೆಳಗೆ, ನೀರಿನ ಟ್ಯಾಂಕಿನ ಅಂಚಿಗೆ ಜೋತುಬಿದ್ದ ಹುಟ್ಟುಗಳನ್ನು ನೋಡಿ 'ಪರವಾಗಿಲ್ಲ, ಬೆಂಗಳೂರಿನಲ್ಲಿ ಇನ್ನೂ ಜೇನಿದೆ' ಎನ್ನುತ್ತೇವೆ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಗೀತಾ ತಿಮ್ಮೇಗೌಡ, ಶಾನನ್ ಓಲ್ಸನ್ ಮತ್ತಿತರರು ಮೂರು ವರ್ಷ ಇದೇ ಹೆಜ್ಜೇನಿನ ಹಿಂದೆ ಬಿದ್ದರು. ಗಾಳಿಯ ಧೂಳಿನ ಪ್ರಮಾಣ ಬೇರೆಬೇರೆಯಾಗಿರುವ ಜಾಗಗಳಲ್ಲಿ ಹೂವಿನ ಮೇಲಿದ್ದ ಜೇನುಹುಳುಗಳನ್ನು ಹಿಡಿದು ಪ್ರಯೋಗಾಲಯಕ್ಕೆ ತಂದು ನೋಡಿದರು. 2020ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಮಧ್ಯಮ ಮತ್ತು ಹೆಚ್ಚು ಮಾಲಿನ್ಯದ ಜಾಗಗಳಿಂದ ತಂದ ಹುಳುಗಳಲ್ಲಿ ಶೇ 80ಕ್ಕೂ ಹೆಚ್ಚು 24 ಗಂಟೆಯೊಳಗೆ ಸತ್ತವು. ಅಂಥ ಜಾಗಗಳಲ್ಲಿ ಹೂವಿಗೆ ಬರುವ ಹುಳುಗಳೇ ಕಡಿಮೆ, ಅವುಗಳ ಹೃದಯದ ಬಡಿತ ಬೇರೆ, ರಕ್ತಕಣಗಳ ಎಣಿಕೆ ಬೇರೆ, ಮೈಮೇಲೆ ಲೋಹದ ಅಂಶವಿರುವ ಧೂಳು. ಪ್ರಯೋಗಾಲಯದಲ್ಲಿ ಸಾಕಿದ ಹಣ್ಣಿನ ನೊಣಗಳನ್ನು ಅದೇ ಜಾಗಗಳಲ್ಲಿಟ್ಟು ನೋಡಿದಾಗಲೂ ಹೋಲುವ ಬದಲಾವಣೆಗಳೇ ಕಂಡವು. ಹೀಗಾಗಿ ದುರ್ಬಲ ಹುಳುಗಳೇ ರಸ್ತೆ ಬದಿಗೆ ಬರುತ್ತವೇನೋ ಎಂಬ ಅನುಮಾನಕ್ಕೆ ಆಸ್ಪದ ಕಡಿಮೆ.

ಹುಟ್ಟು ಇತ್ತು, ಹುಳು ಇತ್ತು, ಹೂವಿನ ಮೇಲೂ ಕೂತಿತ್ತು. ಎಣಿಸುವವರ ಪಟ್ಟಿಯಲ್ಲಿ 'ಹೆಜ್ಜೇನು: ಇದೆ' ಎಂದೇ ದಾಖಲಾಗುತ್ತಿತ್ತು.

ಓತಿಕ್ಯಾತನದು ಇದಕ್ಕಿಂತ ಸ್ವಲ್ಪ ಸಮಾಧಾನದ ಕಥೆ, ಆದರೆ ಪೂರ್ತಿ ಸಮಾಧಾನದ್ದಲ್ಲ. ಬಂಡೆಗಳ ಮೇಲೆ ತಲೆಯಾಡಿಸುತ್ತ ಕೂರುವ, ಗಂಡಿಗೆ ಹೆಣ್ಣು ಕಂಡರೊಂದು ಬಣ್ಣ, ಎದುರಾಳಿ ಕಂಡರೊಂದು ಬಣ್ಣ ಏರುವ ಬಂಡೆ ಓತಿ ಇಲ್ಲಿನ ಹಳೇ ನಿವಾಸಿ. ಬಂಡೆ ಒಡೆದು ಲೇಔಟ್ ಆದ ಮೇಲೆ ಕಾಂಪೌಂಡ್ ಗೋಡೆ, ಸಿಮೆಂಟ್ ಇಟ್ಟಿಗೆಯ ರಾಶಿಗೆ ಬಿಡಾರ ಬದಲಿಸಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಠಾಕರ್ ಅವರ ತಂಡ ಅದನ್ನು ವರ್ಷಗಳಿಂದ ಅಧ್ಯಯನ ಮಾಡುತ್ತಿದೆ. ಸುರಕ್ಷಿತ ಅಡಗುತಾಣ ಯಾವುದು, ಅಪಾಯದ್ದು ಯಾವುದು ಎಂದು ಗುರುತಿಸುವ ಪರೀಕ್ಷೆಯಲ್ಲಿ ನಗರದಂಚಿನ ಓತಿಗಳು ಹಳ್ಳಿಯವುಗಳಿಗಿಂತ ಬೇಗ ಕಲಿತವು. ಮಲಗುವ ಜಾಗದ ಬಗ್ಗೆ ನಡೆದ ಇನ್ನೊಂದು ಅಧ್ಯಯನದಲ್ಲಿ, ನಗರದ ಓತಿಗಳು ಆರಿಸಿಕೊಂಡ ಜಾಗಕ್ಕೆ ಮೇಲೆ ಮರೆ ಇರುವ ಸಾಧ್ಯತೆ ಹಳ್ಳಿಯದಕ್ಕಿಂತ ಒಂಬತ್ತು ಪಟ್ಟು ಹೆಚ್ಚೆಂದು ಕಂಡಿತು. ರಾತ್ರಿಯಿಡೀ ಉರಿಯುವ ಬೀದಿದೀಪದಿಂದ ಅದು ತಪ್ಪಿಸಿಕೊಳ್ಳುವ ಬಗೆ ಅದು.

ಜಾಣ ಓತಿ ಎಂದು ಮೆಚ್ಚಿಕೊಳ್ಳುವ ಮೊದಲು ಒಂದು ಮಾತು. ನಗರವೊಂದು ಜರಡಿ. ನಮ್ಮ ಕಣ್ಣಿಗೆ ಬೀಳುವುದು ಅದರಲ್ಲಿ ಉಳಿದವು ಮಾತ್ರ, ಕೆಳಗೆ ಬಿದ್ದುಹೋದ ಜಾತಿಗಳ ಮೇಲೆ ಯಾರೂ ಪರೀಕ್ಷೆ ನಡೆಸಲಾರರು. ಕಾಡುಪಾಪ ಈಗ ಜರಡಿಯ ಕಣ್ಣಿನಲ್ಲಿ ಸಿಕ್ಕಿಕೊಂಡಿದೆ. ಅದು ನೆಗೆಯುವ ಪ್ರಾಣಿಯಲ್ಲ, ಒಂದು ಕೊಂಬೆಯನ್ನು ಹಿಡಿದೇ ಇನ್ನೊಂದಕ್ಕೆ ಕೈ ಚಾಚುವಂಥದ್ದು. ವಿಜ್ಞಾನ ಸಂಸ್ಥೆಯ ಆವರಣದಂಥ ಹಳೇ ಮರಗಳ ತೋಪುಗಳಲ್ಲಿ ಉಳಿದುಕೊಂಡಿದೆಯೆಂದರೆ ಅಲ್ಲಿ ಕೊಂಬೆಗೆ ಕೊಂಬೆ ತಾಗಿರುವುದರಿಂದ. ರಸ್ತೆ ಅಗಲ ಮಾಡಲು ಸಾಲಿನ ನಡುವೆ ಎರಡು ಮರ ಕಡಿದು, ಒಂದಕ್ಕೆ ಹತ್ತರಂತೆ ಇಪ್ಪತ್ತು ಸಸಿಯನ್ನು ಊರಾಚೆ ನೆಟ್ಟರೆ ಕಡತದಲ್ಲಿ ಲಾಭವೇ. ಕಾಡುಪಾಪದ ಪಾಲಿಗೆ ದಾರಿ ಅಲ್ಲಿಗೆ ಮುಗಿಯಿತು.

ಮರದ ಎಣಿಕೆಯೇ ವ್ಯರ್ಥ ಎಂದು ಹೇಳುತ್ತಿಲ್ಲ. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಸಹೋದ್ಯೋಗಿಗಳು ಬೆಂಗಳೂರಿನ ಬೀದಿಗಳಲ್ಲಿ ಅಳೆದು 2013ರಲ್ಲಿ ಪ್ರಕಟಿಸಿದಂತೆ, ಮರವಿರುವ ರಸ್ತೆಯಲ್ಲಿ ಮಧ್ಯಾಹ್ನದ ಗಾಳಿಯ ಉಷ್ಣತೆ 5.6 ಡಿಗ್ರಿಯವರೆಗೂ, ಡಾಂಬರಿನ ಮೇಲ್ಮೈಯ ಉಷ್ಣತೆ 27.5 ಡಿಗ್ರಿಯವರೆಗೂ ಕಡಿಮೆ ಇತ್ತು. ಫುಟ್‌ಪಾತಿನಲ್ಲಿ ಹೂವು, ಸೊಪ್ಪು ಮಾರುವವರಿಗೆ ಈ ಅಂಕಿಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಇಲ್ಲೂ ನೆರಳು ಕೊಟ್ಟದ್ದು ನಿಂತ ಮರ, ನೆಟ್ಟ ಸಸಿಯಲ್ಲ.

ಕಾಡಿನ ವಿಷಯಕ್ಕೆ ಬಂದರೆ ಕಣ್ಣಿನ ಮೋಸ ಇನ್ನೂ ದೊಡ್ಡದು. ಭಾರತೀಯ ಅರಣ್ಯ ಸಮೀಕ್ಷೆಯ ಲೆಕ್ಕದಲ್ಲಿ ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ, ಶೇ 10ರಷ್ಟು ಮರದ ಹೊದಿಕೆಯಿರುವ ಯಾವ ಜಾಗವೂ ಅರಣ್ಯ ಹೊದಿಕೆಯೇ. ಅದು ಯಾರದು, ಅಲ್ಲಿರುವುದು ಯಾವ ಮರ ಎಂಬ ಪ್ರಶ್ನೆಯೇ ಇಲ್ಲ. ಉಪಗ್ರಹಕ್ಕೆ ನೀಲಗಿರಿ ತೋಪೂ ಹಸಿರು, ಬೆಟ್ಟದ ಕಣಿವೆಗಳ ಸಹಜ ಕಾಡಾದ ಶೋಲೆಯೂ ಹಸಿರು.

ಹತ್ತಿರದಿಂದ ನೋಡುವುದೆಂದರೆ ಏನೆಂದು ತಿಳಿಯಲು ಬಂಡೀಪುರದ ಪಕ್ಕದ ಮುದುಮಲೆಗೆ ಹೋಗಬೇಕು. ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರವನ್ನು 1983ರಲ್ಲಿ ಕಟ್ಟಿದವರು ಮಾಧವ ಗಾಡ್ಗೀಳ್. ಆ ಕೇಂದ್ರದ ರಾಮನ್ ಸುಕುಮಾರ್ ಮತ್ತು ಸಂಗಡಿಗರು 1988ರಲ್ಲಿ ಮುದುಮಲೆಯ ಕಾಡಿನಲ್ಲಿ 50 ಹೆಕ್ಟೇರ್ ಗುರುತಿಸಿ, ಎದೆಮಟ್ಟದಲ್ಲಿ ಒಂದು ಸೆಂಟಿಮೀಟರಿಗಿಂತ ದಪ್ಪವಿರುವ ಪ್ರತಿ ಕಾಂಡಕ್ಕೂ ನಂಬರು ಬಿಲ್ಲೆ ಹೊಡೆದರು. ಅಂದಿನಿಂದ ಯಾವುದು ಸತ್ತಿತು, ಯಾವುದು ಹುಟ್ಟಿತು, ಯಾವುದು ಎಷ್ಟು ದಪ್ಪವಾಯಿತು ಎಂಬ ಲೆಕ್ಕ ನಡೆದೇ ಇದೆ. ಮೊದಲ ಕೆಲವು ವರ್ಷಗಳಲ್ಲೇ ಒಂದು ಸಂಗತಿ ಹೊರಬಿತ್ತು. ಬೆಂಡೆ, ದಾಸವಾಳಗಳ ಬಳಗದ ಕೈಡಿಯಾ ಎಂಬ ಮರ ಅಲ್ಲಿ ದಂಡಿಯಾಗಿತ್ತು. ಆನೆಗಳು ಅದನ್ನು ಬಾಗಿಸಿ, ಮುರಿದು, ತೊಗಟೆ ಸುಲಿದು ತಿಂದು ಅದರ ಸಂಖ್ಯೆ ಕುಸಿಯಿತು. ಕಾಡು ಬೋಳಾಗಲಿಲ್ಲ, ಬೇರೆ ಮರಗಳು ನಿಂತಿದ್ದವು, ಮೇಲಿನಿಂದ ನೋಡಿದರೆ ಅದೇ ಕಾಡು. ಬಿಲ್ಲೆ ಇಲ್ಲದಿದ್ದರೆ ಈ ಬದಲಾವಣೆ ಯಾರ ಗಮನಕ್ಕೂ ಬರುತ್ತಿರಲಿಲ್ಲ. ಮರಗಳ ಜೊತೆ ಇನ್ನೊಂದು ತೊಡಕು: ಬರ ಬಿದ್ದ ವರ್ಷವೇ ದೊಡ್ಡ ಮರ ಸಾಯಬೇಕೆಂದಿಲ್ಲ, ಸಾವು ತಡವಾಗಿಯೂ ಬರಬಹುದು. ಮೂರು ವರ್ಷದ ಯೋಜನೆ, ಮೂರು ವರ್ಷದ ಅನುದಾನ ಎಂಬ ನಮ್ಮ ಪದ್ಧತಿಗೆ ಅಂಥ ಸಾವು ಸಿಕ್ಕುವುದೇ ಇಲ್ಲ.

ಬಿಳಿಗಿರಿರಂಗನ ಬೆಟ್ಟದಲ್ಲಿ ಸಂಶೋಧಕರಿಗಿಂತ ಮೊದಲೇ ಲೆಕ್ಕ ಇಟ್ಟಿದ್ದವರು ಸೋಲಿಗರು. 1974ರಲ್ಲಿ ಅಭಯಾರಣ್ಯವಾದ ಮೇಲೆ ಅಲ್ಲಿ ಕಾಡಿಗೆ ಬೆಂಕಿ ಹಾಕುವುದು ನಿಂತಿತು. ಅದಕ್ಕೂ ಹಿಂದೆ ಬೇಸಿಗೆ ಬಲಿಯುವ ಮುಂಚೆಯೇ, ತರಗೆಲೆ ಮಾತ್ರ ಸುಟ್ಟುಹೋಗುವಂತೆ ಸೋಲಿಗರು 'ತರಗು ಬೆಂಕಿ' ಹಾಕುತ್ತಿದ್ದರು. ಆಮೇಲೆ ಲಂಟಾನ ಎಂಬ ಪೊದೆಯ ಕಳೆ ನುಗ್ಗಿತು. 1997ರಿಂದ 2008ರ ನಡುವೆ ಅದು ಕಾಣಿಸಿಕೊಂಡ ಜಾಗಗಳು ಸುಮಾರು ದುಪ್ಪಟ್ಟಾದವು ಎಂದು ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯ ಸಂಶೋಧಕರು ದಾಖಲಿಸಿದರು. ಹಸಿರೇ ಅದೂ, ಹೂವೂ ಬಿಡುತ್ತದೆ. ಕೆಳಗೆ ಹುಲ್ಲಿಲ್ಲ, ಮರದ ಸಸಿ ಏಳುವುದು ಕಷ್ಟ.

ನೆಲ್ಲಿಕಾಯಿಯ ಕಥೆ ಇನ್ನೂ ಸ್ವಾರಸ್ಯದ್ದು. ನೆಲ್ಲಿ ಮರಗಳು ಕಡಿಮೆಯಾಗುತ್ತಿವೆ ಎಂದಾಗ ಹೊರಗಿನವರಿಗೆ ಮೊದಲು ಹೊಳೆದದ್ದು ಸೋಲಿಗರು ಕಾಯಿ ಜಾಸ್ತಿ ಕೊಯ್ಯುತ್ತಿದ್ದಾರೆ ಎಂಬುದು. ಸೋಲಿಗರು ತೋರಿಸಿದ್ದು 'ಉಪ್ಪಿಲು', ಅಂದರೆ ಕೊಂಬೆಯ ಮೇಲೇ ಬೇರೂರಿ ಮರದ ಸಾರ ಹೀರುವ ಬದನಿಕೆ ಗಿಡವನ್ನು. ಬೆಂಕಿ ಬೀಳುತ್ತಿದ್ದಾಗ ಇದು ಹತೋಟಿಯಲ್ಲಿತ್ತು, ಬೆಂಕಿ ನಿಂತ ಮೇಲೆ ಮರವನ್ನೇ ಕೊಲ್ಲುತ್ತಿದೆ ಎಂಬುದು ಅವರ ವಾದ. ಇದನ್ನು ಸಂಶೋಧಕರು ಗಂಭೀರವಾಗಿ ಪರಿಶೀಲಿಸಿ 2010ರಲ್ಲಿ ಬರೆದರು. ಮರುವರ್ಷ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು, ಅದೇ ವರ್ಷ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕೂ ಸಿಕ್ಕಿತು. ಹಾಗಾದರೆ ನಾಳೆಯೇ ಬೆಂಕಿ ಹಾಕಿಬಿಡಿ ಎನ್ನಲಾಗದು. ಲಂಟಾನ ಆಳೆತ್ತರ ಬೆಳೆದು ಒಣಗಿ ನಿಂತಿರುವಲ್ಲಿ ಈಗ ಹಾಕಿದ ಬೆಂಕಿ ನೆಲದಲ್ಲಿ ಉಳಿಯದೆ ಮರದ ತಲೆಗೇ ಏರುತ್ತದೆ. ಮೊದಲು ಲಂಟಾನ ಕೀಳಬೇಕು, ಆಮೇಲೆ ತರಗು ಬೆಂಕಿಯ ಮಾತು.

ಊರ ಮಗ್ಗುಲಿನ ಹೆಸರಘಟ್ಟದಲ್ಲಿ ಸಮಸ್ಯೆ ತಿರುಗುಮುರುಗು. ಅದು ಮರವಿಲ್ಲದ ಹುಲ್ಲುಗಾವಲು. ಸರ್ಕಾರಿ ಭಾಷೆಯಲ್ಲಿ ಇಂಥ ಜಾಗಕ್ಕೆ ಬಹುಕಾಲದಿಂದ ಪಾಳುಭೂಮಿ ಎಂಬ ಹಣೆಪಟ್ಟಿ. ಪಾಳು ಎಂದ ಮೇಲೆ ಸಸಿ ನೆಡುವ ಉತ್ಸಾಹಿಗಳಿಗೆ ಕೊರತೆಯೇ? ಆದರೆ ಲೆಸ್ಸರ್ ಫ್ಲೋರಿಕನ್ ಎಂಬ ಅಪರೂಪದ ಹಕ್ಕಿ 2011ರಲ್ಲಿ ಕಾಣಿಸಿಕೊಂಡದ್ದು ಅಲ್ಲೇ. ಅದಕ್ಕೆ ಬೇಕಾದದ್ದು ಹುಲ್ಲು. ಹುಲ್ಲುಗಾವಲು ಹುಲ್ಲುಗಾವಲಾಗಿಯೇ ಉಳಿಯುವುದರಲ್ಲಿ ಮಳೆ, ಮಣ್ಣಿನ ಜೊತೆಗೆ ಮೇಯುವ ಬಾಯಿ ಮತ್ತು ಆಗೀಗ ಬೀಳುವ ಬೆಂಕಿಯ ಪಾಲೂ ಇದೆ. ಸುತ್ತ ಬೇಲಿ ಹಾಕಿ ಮರ ನೆಟ್ಟರೆ ಹಸಿರು ಜಾಸ್ತಿಯಾಗಿ ಕಾಣುತ್ತದೆ, ಹುಲ್ಲಿನ ಹಕ್ಕಿಗಳು ಜಾಗ ಖಾಲಿ ಮಾಡುತ್ತವೆ.

2021ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಇದನ್ನು ಸಂರಕ್ಷಣಾ ಮೀಸಲು ಮಾಡುವ ಪ್ರಸ್ತಾವವನ್ನು ತಳ್ಳಿಹಾಕಿತ್ತು. 2024ರ ಅಕ್ಟೋಬರ್‌ನಲ್ಲಿ ಸುಮಾರು 5,678 ಎಕರೆಗೆ ಒಪ್ಪಿಗೆ ಕೊಟ್ಟಿತು. ಕಾನೂನಿನ ಪ್ರಕಾರ ಇಂಥ ಮೀಸಲಿನ ನಿರ್ವಹಣಾ ಸಮಿತಿಯಲ್ಲಿ ಅರಣ್ಯ ಇಲಾಖೆಯವರ ಜೊತೆ ಗ್ರಾಮ ಪಂಚಾಯಿತಿಗಳ ಪ್ರತಿನಿಧಿಗಳು, ಸಂಘಸಂಸ್ಥೆಗಳವರು, ಕೃಷಿ ಮತ್ತು ಪಶುಸಂಗೋಪನೆ ಇಲಾಖೆಯವರೂ ಕೂರಬೇಕು. ದನ ಮೇಯಿಸುವವರ ಕಡೆಯಿಂದ ಮಾತಾಡಬಲ್ಲವರೂ ಅಲ್ಲಿ ಇರುತ್ತಾರೆ ಎಂಬುದೇ ಒಂದು ಆಸೆ. ಯಾವ ತಿಂಗಳು ಎಷ್ಟು ದನ ಮೇಯುತ್ತವೆ, ಯಾವ ಜಾತಿಯ ಹುಲ್ಲು ಎಲ್ಲಿ ಏಳುತ್ತದೆ ಎಂಬ ದಾಖಲೆಯನ್ನು ಈ ಸಮಿತಿ ಮೊದಲ ಮಳೆಗಾಲದಿಂದಲೇ ಇಡುತ್ತದೋ, ಇಲ್ಲಾ ಪರಿಸರ ದಿನವೆಂದು ಜೂನ್ 5ರಂದು ಗುಂಡಿ ತೋಡಿಸಿ ಸಸಿ ತರಿಸುತ್ತದೋ, ಕಾದು ನೋಡಬೇಕು.